ಜರ್ಮನಿ ಬಿಟ್ಟು ಹೊರಡುವಾಗ ಮೊಬೈಲ್ ಕಾಂಟ್ರಾಕ್ಟ್ ಅರ್ಧಕ್ಕೇ ಮುಗಿಸಬಹುದೇ?

ಪ್ರಶ್ನೆ: ಮೂರು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಪ್ರಾಜೆಕ್ಟ್ ಮುಚ್ಚಿಹೋಯಿತು. ಇನ್ನು ಎರಡು ತಿಂಗಳಲ್ಲಿ ಸಂಸಾರ ಸಮೇತ ಬೆಂಗಳೂರಿಗೆ ವಾಪಸ್ ಹೊರಟಿದ್ದೇವೆ. 11 ತಿಂಗಳ ಹಿಂದೆ 24 ತಿಂಗಳ ಮೊಬೈಲ್ ಕಾಂಟ್ರಾಕ್ಟ್ ಮಾಡಿಕೊಂಡಿದ್ದೆ, ಹೊಸ ಫೋನ್ ಸಮೇತ. ತಿಂಗಳಿಗೆ 45 ಯೂರೋ. ಹೆಂಡತಿಯ ಸಿಮ್ ಕೂಡ ನನ್ನ ಹೆಸರಿನಲ್ಲೇ ಇದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. 'ಅವಧಿ ಮುಗಿಯುವವರೆಗೂ ಕಟ್ಟಲೇಬೇಕು' ಅಂದರು. 'ಬ್ಯಾಂಕ್ ಖಾತೆ ಮುಚ್ಚಿ ಸುಮ್ನೆ ಹೊರಟುಬಿಡು, ಬೆಂಗಳೂರಿನವರೆಗೆ ಯಾರು ಬರ್ತಾರೆ' ಅಂತ ಗೆಳೆಯರು ಹೇಳುತ್ತಾರೆ. ಏನು ಮಾಡಲಿ?

ಉತ್ತರ:

ಗೆಳೆಯರ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ಅದು ಯಾಕೆ ಬೇಡ ಅಂತ ಮುಂದೆ ಹೇಳುತ್ತೇನೆ. ಹಾಗೆಯೇ ಕಸ್ಟಮರ್ ಕೇರ್‌ನವರು ಹೇಳಿದ್ದೇ ಕೊನೆಯ ಮಾತು ಅಂದುಕೊಳ್ಳಬೇಡಿ. ನೀವು ಫೋನಿನಲ್ಲಿ ಕೇಳಿದಿರಿ, ಅವರು ಫೋನಿನಲ್ಲೇ ಆಗಲ್ಲ ಅಂದರು. ಇಷ್ಟೇ ನಡೆದಿರುವುದು. ಕಾಂಟ್ರಾಕ್ಟ್ ಮುಗಿಸುತ್ತಿದ್ದೇನೆ ಅಂತ ನೀವು ಇನ್ನೂ ಬರೆದು ಕೊಟ್ಟಿಲ್ಲ. ಕಾನೂನಿನ ಲೆಕ್ಕದಲ್ಲಿ ಆಟ ಇನ್ನೂ ಶುರುವಾಗಿಯೇ ಇಲ್ಲ.

ಎಷ್ಟು ದುಡ್ಡಿನ ವಿಷಯ ಅಂತ ನೋಡಿ. ನೀವು ಹೊರಡುವ ಹೊತ್ತಿಗೆ 13 ತಿಂಗಳು ಆಗಿರುತ್ತದೆ. ಉಳಿಯುವುದು 11 ತಿಂಗಳು. 45 ಯೂರೋದಂತೆ 495 ಯೂರೋ. ಹೆಂಡತಿಯ ಸಿಮ್ಮಿನದು ಬೇರೆ. ಇದು ಕಡಿಮೆ ಹಣವೇನಲ್ಲ. ಆದರೆ ಇದಕ್ಕಾಗಿ ಓಡಿಹೋಗುವ ಪರಿಸ್ಥಿತಿಯೂ ಇಲ್ಲ. ಸರಿಯಾದ ಕಾಗದವನ್ನು ಸರಿಯಾದ ದಿನಕ್ಕೆ ಕಳಿಸಿದರೆ ಇದರಲ್ಲಿ ಬಹುಪಾಲು ಉಳಿಸಲು ಸಾಧ್ಯವಿದೆ.

ಕಾನೂನು ಏನು ಹೇಳುತ್ತದೆ ಅನ್ನುವುದರಿಂದ ಶುರು ಮಾಡೋಣ. ಜರ್ಮನಿಯ ಟೆಲಿಕಾಂ ಕಾಯ್ದೆಗೆ ಅಲ್ಲಿ ಎಲ್ಲರೂ ಟಿಕೆಜಿ ಅನ್ನುತ್ತಾರೆ. 2010ರ ನವೆಂಬರ್‌ನಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಒಬ್ಬ ಗ್ರಾಹಕರು ಮನೆ ಬದಲಿಸಿದ್ದರು, ಹೊಸ ಊರಿನಲ್ಲಿ ಡಿಎಸ್‌ಎಲ್ ಇಂಟರ್ನೆಟ್ಟೇ ಇರಲಿಲ್ಲ. ಆದರೂ ಕಾಂಟ್ರಾಕ್ಟ್ ಮುರಿಯುವ ಹಕ್ಕಿಲ್ಲ ಅಂತ ಕೋರ್ಟ್ ಹೇಳಿತು. ಮನೆ ಬದಲಿಸಿದ್ದು ಗ್ರಾಹಕರ ಆಯ್ಕೆ, ಅದರ ನಷ್ಟವೂ ಅವರದೇ ಅನ್ನುವುದು ವಾದ. ಇದು ಅನ್ಯಾಯ ಅಂತ ಜನರಿಗೆ ಅನಿಸಿತು. 2012ರಲ್ಲಿ ಕಾಯ್ದೆಯನ್ನೇ ತಿದ್ದಿದರು. ಹೊಸ ವಿಳಾಸದಲ್ಲಿ ಸೇವೆ ಸಿಗದಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು ಅಂತಾಯಿತು. 2021ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆ ಆ ಮೂರು ತಿಂಗಳನ್ನು ಒಂದು ತಿಂಗಳಿಗೆ ಇಳಿಸಿತು. ಇದು ಈಗ ಟಿಕೆಜಿಯ 60ನೇ ಕಲಂ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ನಿಮ್ಮ ಪತ್ರದಲ್ಲಿ ಇದೇ ಮುಖ್ಯ.

ಆ ಕಲಂ ಹೇಳುವುದು ಇಷ್ಟು. ಹೊಸ ವಾಸಸ್ಥಳದಲ್ಲಿ ಕಂಪನಿ ಆ ಸೇವೆ ಕೊಡದಿದ್ದರೆ ಗ್ರಾಹಕರು ಒಂದು ತಿಂಗಳ ನೋಟಿಸ್ ಕೊಟ್ಟು ಕಾಂಟ್ರಾಕ್ಟ್ ಮುಗಿಸಬಹುದು. ಮನೆ ಖಾಲಿ ಮಾಡುವ ದಿನಕ್ಕೇ ಮುಗಿಯುವಂತೆ ಕೇಳಬಹುದು, ನಂತರದ ಒಂದು ದಿನಕ್ಕೂ ಕೇಳಬಹುದು. ಮನೆಯ ಇಂಟರ್ನೆಟ್ ಮತ್ತು ಲ್ಯಾಂಡ್‌ಲೈನ್ ವಿಷಯದಲ್ಲಿ ಇದು ನೇರವಾಗಿ ಅನ್ವಯಿಸುತ್ತದೆ. ನಿಮ್ಮ ಮನೆಯಲ್ಲಿ ವೈಫೈಗೆ ಬೇರೆ ಕಾಂಟ್ರಾಕ್ಟ್ ಇದ್ದರೆ ಅದಕ್ಕೂ ಇದೇ ಪತ್ರ ಕಳಿಸಿ, ಅಲ್ಲಿ ಹೆಚ್ಚು ತಕರಾರು ಇರುವುದಿಲ್ಲ.

ಮೊಬೈಲ್ ವಿಷಯಕ್ಕೆ ಬಂದಾಗ ಮಾತ್ರ ಎಳೆದಾಟ ಶುರುವಾಗುತ್ತದೆ. ಕೆಲವು ಕಂಪನಿಗಳು ಹೀಗೆ ವಾದಿಸುತ್ತವೆ: 'ಮೊಬೈಲ್ ಸೇವೆ ಒಂದು ವಿಳಾಸಕ್ಕೆ ಕಟ್ಟಿದ್ದಲ್ಲ. ನಮ್ಮ ನೆಟ್‌ವರ್ಕ್ ಜರ್ಮನಿಯಲ್ಲಿ ಇವತ್ತೂ ನಡೆಯುತ್ತಿದೆ. ನೀವು ದೇಶ ಬಿಡುವುದು ನಿಮ್ಮ ಸ್ವಂತ ವಿಷಯ.' ಈ ವಾದ ಪೂರ್ತಿ ಹುರುಳಿಲ್ಲದ್ದು ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಕಡೆಯ ವಾದವೂ ಗಟ್ಟಿಯಾಗಿದೆ. ಆ ಕಲಂನಲ್ಲಿ ಲ್ಯಾಂಡ್‌ಲೈನ್ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಸಾರ್ವಜನಿಕ ಟೆಲಿಕಾಂ ಸೇವೆ ಕೊಡುವ ಎಲ್ಲ ಕಂಪನಿಗಳಿಗೂ ಸೇರಿಸಿಯೇ ಬರೆದಿದೆ. ನೀವು ದುಡ್ಡು ಕೊಡುವುದು ಜರ್ಮನಿಯ ಕರೆ, ಡೇಟಾ ಪ್ಯಾಕೇಜಿಗೆ. ಅದನ್ನು ಅದೇ ದರದಲ್ಲಿ ಬೆಂಗಳೂರಿನಲ್ಲಿ ಆ ಕಂಪನಿ ಕೊಡುವುದಿಲ್ಲ. ಯೂರೋಪಿಯನ್ ಒಕ್ಕೂಟದೊಳಗೆ 2017ರ ಜೂನ್‌ನಿಂದ ರೋಮಿಂಗ್ ಹೆಚ್ಚುವರಿ ದರ ಇಲ್ಲ. ಹಾಗಾಗಿ ಯಾರಾದರೂ ಜರ್ಮನಿಯಿಂದ ನೆದರ್‌ಲೆಂಡ್ಸ್‌ಗೋ ಸ್ಪೇನ್‌ಗೋ ಹೋಗುತ್ತಿದ್ದರೆ ಕಂಪನಿ 'ಅಲ್ಲೂ ನಿಮ್ಮ ಸಿಮ್ ನಡೆಯುತ್ತದಲ್ಲ' ಅನ್ನಬಹುದು. ಭಾರತಕ್ಕೆ ಆ ಮಾತು ಹೊಂದುವುದಿಲ್ಲ. ಆ ಸೌಲಭ್ಯ ಅಲ್ಲಿಗಿಲ್ಲ. ಈ ಒಂದು ವಿಷಯದಲ್ಲಿ ನಿಮ್ಮ ಸ್ಥಿತಿ ಯೂರೋಪಿನೊಳಗೇ ಊರು ಬದಲಿಸುವವರಿಗಿಂತ ಚೆನ್ನಾಗಿದೆ.

ವಾಸ್ತವದಲ್ಲಿ ನೋಡಿದರೆ, ದೇಶ ಬಿಟ್ಟು ಹೊರಟ ದಾಖಲೆ ತೋರಿಸಿದಾಗ ಹಲವು ಕಂಪನಿಗಳು ವಾದಕ್ಕೇ ಇಳಿಯದೆ ಕಾಂಟ್ರಾಕ್ಟ್ ಮುಗಿಸಿಕೊಡುತ್ತವೆ. ಫೋನಿನಲ್ಲಿ ಮಾತಾಡಿದ ಸಿಬ್ಬಂದಿಗೆ ಆ ಅಧಿಕಾರ ಇರುವುದಿಲ್ಲ. ಕಾಗದ ಬೇರೆ ವಿಭಾಗಕ್ಕೆ ಹೋಗುತ್ತದೆ. ಅದಕ್ಕೇ ನಾನು ಬರವಣಿಗೆ, ಬರವಣಿಗೆ ಅಂತ ಇಷ್ಟು ಒತ್ತಿ ಹೇಳುವುದು.

ಇನ್ನು ದಾಖಲೆ. ಮುಖ್ಯವಾದದ್ದು ಅಬ್‌ಮೆಲ್ಡುಂಗ್, ಅಂದರೆ ನೀವು ಜರ್ಮನಿಯ ವಿಳಾಸದಿಂದ ಹೆಸರು ತೆಗೆಸಿದ್ದೀರಿ ಅನ್ನುವ ಪ್ರಮಾಣಪತ್ರ. ಬಂದಾಗ ವಿಳಾಸ ನೋಂದಾಯಿಸಿದಿರಲ್ಲ, ಅದೇ ಬ್ಯುರ್ಗರ್‌ಬ್ಯುರೋದಲ್ಲಿ ಇದನ್ನೂ ಕೊಡುತ್ತಾರೆ. ದೇಶ ಬಿಡುವವರಿಗೆ ಇದು ಹೇಗೂ ಕಡ್ಡಾಯ. ಆದರೆ ಇದರಲ್ಲಿ ಒಂದು ತೊಡಕಿದೆ, ಬಹಳ ಜನ ಎಡವುವುದು ಇಲ್ಲೇ. ಅಬ್‌ಮೆಲ್ಡುಂಗ್ ಅನ್ನು ಮನೆ ಬಿಡುವ ದಿನಕ್ಕಿಂತ ಒಂದು ವಾರ ಮೊದಲು ಮಾತ್ರ ಮಾಡಿಸಬಹುದು, ಬಿಟ್ಟ ಮೇಲೆ ಎರಡು ವಾರದೊಳಗೆ ಮಾಡಿಸಬೇಕು. ಮೊಬೈಲ್ ನೋಟಿಸ್ ಮಾತ್ರ ಒಂದು ತಿಂಗಳಿನದು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಪತ್ರ ಕಳಿಸೋಣ ಅಂತ ಕಾದರೆ, ನೀವು ಬೆಂಗಳೂರಿಗೆ ಬಂದು ಮೂರು ವಾರ ಆದರೂ ಕಾಂಟ್ರಾಕ್ಟ್ ಓಡುತ್ತಲೇ ಇರುತ್ತದೆ. ಒಂದು ತಿಂಗಳ ದುಡ್ಡು ಸುಮ್ನೆ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಕಷ್ಟ, ತಕರಾರು ಬಂದರೆ ನೀವು ಅಲ್ಲಿರುವುದಿಲ್ಲ.

ಹಾಗಾಗಿ ಕಾಯಬೇಡಿ. ಈ ವಾರವೇ ಪತ್ರ ಕಳಿಸಿ. ಇಂಥ ದಿನ ಜರ್ಮನಿ ಬಿಡುತ್ತಿದ್ದೇನೆ, ಅವತ್ತಿಗೆ ಕಾಂಟ್ರಾಕ್ಟ್ ಮುಗಿಯಬೇಕು, ಅಬ್‌ಮೆಲ್ಡುಂಗ್ ಸಿಕ್ಕ ಕೂಡಲೇ ಕಳಿಸುತ್ತೇನೆ ಅಂತ ಬರೆಯಿರಿ. ಸದ್ಯಕ್ಕೆ ಸಾಕ್ಷಿಯಾಗಿ ಕೈಲಿರುವುದನ್ನು ಸೇರಿಸಿ. ಮನೆ ಖಾಲಿ ಮಾಡುವುದನ್ನು ಮಾಲೀಕರು ಒಪ್ಪಿದ ಪತ್ರ, ಕೆಲಸ ಮುಗಿದ ಬಗ್ಗೆ ಕಂಪನಿಯ ಪತ್ರ, ವಿಮಾನದ ಟಿಕೆಟ್. ಮೂರೂ ಇದ್ದರೆ ಒಳ್ಳೆಯದು, ಎರಡಿದ್ದರೂ ಸಾಕು. ಸಂಬಳದ ವಿವರ, ಬೇಡದ ಖಾಸಗಿ ವಿಷಯ ಇದ್ದರೆ ಅಷ್ಟನ್ನು ಮರೆಮಾಡಿ ಕಳಿಸಿ.

ಪತ್ರ ದೊಡ್ಡದಾಗಿರಬೇಕಿಲ್ಲ. ಮೇಲೆ ನಿಮ್ಮ ಹೆಸರು, ಗ್ರಾಹಕ ಸಂಖ್ಯೆ, ಮೊಬೈಲ್ ನಂಬರ್. ವಿಷಯದ ಜಾಗದಲ್ಲಿ ಕ್ಯುಂಡಿಗುಂಗ್, ಅಂದರೆ ಕಾಂಟ್ರಾಕ್ಟ್ ಮುಗಿಸುವುದು, ಅನ್ನುವ ಪದ ಇರಲೇಬೇಕು. ಆಮೇಲೆ ಒಂದು ನೇರ ವಾಕ್ಯ: ಟಿಕೆಜಿ 60ನೇ ಕಲಂ ಪ್ರಕಾರ, ಭಾರತಕ್ಕೆ ವಾಸ ಬದಲಿಸುತ್ತಿರುವುದರಿಂದ, ಇಂಥ ದಿನಾಂಕಕ್ಕೆ ಕಾಂಟ್ರಾಕ್ಟ್ ಮುಗಿಸುತ್ತಿದ್ದೇನೆ. 'ದಯವಿಟ್ಟು ಸಾಧ್ಯವಾದರೆ ಪರಿಶೀಲಿಸಿ' ಅಂತ ಬರೆಯಬೇಡಿ. ನಮ್ಮವರು ಇಲ್ಲಿ ವಿನಯ ಜಾಸ್ತಿ ತೋರಿಸಿಬಿಡುತ್ತಾರೆ. ಬೇಡಿಕೆಯ ಧಾಟಿಯಲ್ಲಿ ಬರೆದರೆ ಅದನ್ನು ಬರೀ ವಿಚಾರಣೆ ಅಂತ ಪರಿಗಣಿಸಿ 'ಆಗುವುದಿಲ್ಲ' ಅಂತ ಉತ್ತರ ಕೊಟ್ಟು ಮುಗಿಸುತ್ತಾರೆ. ಕಾಂಟ್ರಾಕ್ಟ್ ಮುಗಿಸುತ್ತಿದ್ದೇನೆ ಅನ್ನುವುದು ಘೋಷಣೆ. ಅದಕ್ಕೆ ಅವರು ದಿನಾಂಕ ಹಾಕಿ ಉತ್ತರ ಕೊಡಬೇಕಾಗುತ್ತದೆ.

ಅದರ ಕೆಳಗೆ ಇನ್ನೊಂದು ವಾಕ್ಯ ಸೇರಿಸಿ. ಜರ್ಮನ್ ಪತ್ರಗಳಲ್ಲಿ ಹಿಲ್ಫ್ಸ್‌ವೈಸೆ ಅನ್ನುವ ಪದ ಬಳಸುತ್ತಾರೆ. ಅಂದರೆ ಮೇಲಿನ ಬೇಡಿಕೆ ನಿಲ್ಲದಿದ್ದರೆ ಅದರ ಬದಲಿಗೆ ಇದು ಅಂತ. 'ಹಿಲ್ಫ್ಸ್‌ವೈಸೆ, ಸಾಧ್ಯವಿರುವ ಮೊದಲ ದಿನಾಂಕಕ್ಕೆ ಕಾಂಟ್ರಾಕ್ಟ್ ಮುಗಿಸುತ್ತಿದ್ದೇನೆ.' ಇದನ್ನು ಬರೆದಿದ್ದರೆ, ಕೆಟ್ಟ ಪಕ್ಷ ಕಂಪನಿ ನಿಮ್ಮ ವಾದವನ್ನು ಒಪ್ಪದೇ ಹೋದರೂ 24 ತಿಂಗಳಿಗೆ ಕಾಂಟ್ರಾಕ್ಟ್ ತಾನಾಗಿ ಮುಗಿಯುತ್ತದೆ. ಇಲ್ಲದಿದ್ದರೆ ಅದು ಮುಂದುವರಿಯುತ್ತದೆ. ಈಗಿನ ಕಾನೂನಿನಲ್ಲಿ ಮೊದಲ ಅವಧಿ ಮುಗಿದ ಮೇಲೆ ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸಿನಲ್ಲಿ ನಿಲ್ಲಿಸಬಹುದು, ನಿಜ. ಆದರೆ ಬೆಂಗಳೂರಿನಲ್ಲಿ ಕೂತು ಮುಂದಿನ ವರ್ಷ ಅದನ್ನು ನೆನಪಿಟ್ಟುಕೊಳ್ಳುವ ತಲೆನೋವು ಯಾಕೆ?

ಕೊನೆಯಲ್ಲಿ, ಮುಗಿಯುವ ದಿನಾಂಕವನ್ನು ಬರಹದಲ್ಲಿ ಖಚಿತಪಡಿಸಿ ಅಂತ ಕೇಳಿ. ನಿಮ್ಮ ಇಮೇಲ್ ಮತ್ತು ಬೆಂಗಳೂರಿನ ವಿಳಾಸ ಎರಡನ್ನೂ ಕೊಡಿ.

ಕಳಿಸುವುದು ಹೇಗೆ? 2022ರ ಜುಲೈ 1ರಿಂದ, ಆನ್‌ಲೈನ್‌ನಲ್ಲಿ ಇಂಥ ಕಾಂಟ್ರಾಕ್ಟ್ ಮಾರುವ ಕಂಪನಿಗಳು ವೆಬ್‌ಸೈಟ್‌ನಲ್ಲಿ ಕ್ಯುಂಡಿಗುಂಗ್ ಬಟನ್ ಇಡಲೇಬೇಕು. ಲಾಗಿನ್ ಇಲ್ಲದೆಯೇ ಅದು ಕಾಣಬೇಕು. ಸಾಮಾನ್ಯವಾಗಿ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ. ನೀವು ಅಂಗಡಿಯಲ್ಲಿ ಸಹಿ ಹಾಕಿದ್ದರೂ ಅದನ್ನು ಬಳಸಬಹುದು. ಅಲ್ಲಿ ಎರಡು ಆಯ್ಕೆ ಇರುತ್ತವೆ, ಸಾಮಾನ್ಯ ಮುಕ್ತಾಯ ಮತ್ತು ವಿಶೇಷ ಕಾರಣದ ಮುಕ್ತಾಯ. ನೀವು ಎರಡನೆಯದನ್ನು ಆರಿಸಿ, ಕಾರಣದ ಜಾಗದಲ್ಲಿ 60ನೇ ಕಲಂ ಮತ್ತು ಭಾರತಕ್ಕೆ ಹೋಗುವ ದಿನಾಂಕ ಬರೆಯಿರಿ. ಕಳಿಸಿದ ಕೂಡಲೇ ಯಾವ ದಿನ, ಎಷ್ಟು ಹೊತ್ತಿಗೆ ತಲುಪಿತು ಅನ್ನುವ ದೃಢೀಕರಣ ಬರಬೇಕು. ಇದು ಕಾನೂನಿನ ಮಾತು. ಆ ಇಮೇಲ್ ಅನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಪರದೆಯ ಚಿತ್ರವನ್ನೂ ತೆಗೆಯಿರಿ.

ನನ್ನ ಸಲಹೆ, ಬಟನ್ ಒತ್ತಿದ ಮೇಲೂ ಅದೇ ಪತ್ರವನ್ನು ಇಮೇಲ್‌ನಲ್ಲಿ ಕಳಿಸಿ. ಇಮೇಲ್ ಸಾಕಾಗುತ್ತದೆ. ಸಹಿ ಮಾಡಿದ ಕಾಗದವೇ ಬೇಕು ಅಂತ ಕಂಪನಿ ತನ್ನ ನಿಯಮಗಳಲ್ಲಿ ಒತ್ತಾಯಿಸುವಂತಿಲ್ಲ, 2016ರ ಅಕ್ಟೋಬರ್‌ನಿಂದ ಹಾಗಿದೆ. ಆದರೂ ಮನಸ್ಸಿಗೆ ಸಮಾಧಾನ ಬೇಕಿದ್ದರೆ ರಿಜಿಸ್ಟರ್ಡ್ ಅಂಚೆ, ಅಲ್ಲಿನ ಐನ್‌ಶ್ರೈಬೆನ್, ಬಳಸಿ. ರಸೀದಿ ಜೋಪಾನ.

ಈಗ ಫೋನಿನ ವಿಷಯ. ಇಲ್ಲಿ ನೀವು ಕಾಂಟ್ರಾಕ್ಟ್ ಕಾಗದ ತೆಗೆದು ಒಂದು ಸಾರಿ ನಿಧಾನವಾಗಿ ಓದಬೇಕು. ಎರಡು ಬಗೆ ಇದೆ. ಒಂದು, ಫೋನು ಮತ್ತು ಸೇವೆ ಎರಡೂ ಒಂದೇ 45 ಯೂರೋದೊಳಗೆ. ಇನ್ನೊಂದು, ಸೇವೆಗೆ ಇಷ್ಟು, ಫೋನಿನ ಕಂತಿಗೆ ಇಷ್ಟು ಅಂತ ಎರಡು ಬೇರೆ ಕಾಂಟ್ರಾಕ್ಟ್. ಎರಡನೆಯದಾದರೆ ಸೇವೆ ನಿಂತರೂ ಕಂತು ನಿಲ್ಲುವುದಿಲ್ಲ. ಅದು ನೀವು ಸಾಲದಲ್ಲಿ ಕೊಂಡ ವಸ್ತು. ಕಂತನ್ನು ಕಟ್ಟುತ್ತಾ ಹೋಗಿ, ಇಲ್ಲವೇ ಒಂದೇ ಸಾರಿ ಕಟ್ಟಿ ಮುಗಿಸಿ. ಹೊರಡುವವರಿಗೆ ಒಂದೇ ಸಾರಿ ಕಟ್ಟುವುದೇ ಒಳ್ಳೆಯದು.

ಮೊದಲನೆಯದಾದರೆ ಕಾನೂನು ನಿಮ್ಮ ಕಡೆ ಇದೆ. ಅವಧಿಗೆ ಮುಂಚೆ ಕಾಂಟ್ರಾಕ್ಟ್ ಮುಗಿಸುವ ಹಕ್ಕು ಗ್ರಾಹಕರಿಗೆ ಇರುವ ಕಡೆ, ಕಂಪನಿ ಕೇಳಬಹುದಾದದ್ದು ನೀವು ಇಟ್ಟುಕೊಂಡ ಫೋನಿನ ಬೆಲೆ ಮಾತ್ರ. ಬೇರೆ ದಂಡ ಹಾಕುವಂತಿಲ್ಲ. ಆ ಬೆಲೆಗೂ ಮಿತಿ ಇದೆ. ಕಾಂಟ್ರಾಕ್ಟ್ ಮಾಡುವಾಗ ನಿಗದಿಯಾದ ಫೋನಿನ ಬೆಲೆಯಲ್ಲಿ ಉಳಿದ ತಿಂಗಳುಗಳ ಪಾಲು, ಅಥವಾ ಉಳಿದ ತಿಂಗಳುಗಳ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕಿಂತ ಮೇಲೆ ಹೋಗುವಂತಿಲ್ಲ. ಲೆಕ್ಕ ಹಾಕಿ ನೋಡೋಣ. ಫೋನಿನ ಬೆಲೆ 600 ಯೂರೋ ಅಂತಿದ್ದರೆ, 24ರಲ್ಲಿ 11 ತಿಂಗಳ ಪಾಲು 275 ಯೂರೋ. ಉಳಿದ ಶುಲ್ಕ 495. ಹಾಗಾದರೆ 275 ಯೂರೋಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನು ಕಟ್ಟಿದ ಮೇಲೆ ಫೋನಿಗೆ ಸಿಮ್ ಲಾಕ್ ಏನಾದರೂ ಇದ್ದರೆ ಉಚಿತವಾಗಿ ತೆಗೆದುಕೊಡಬೇಕು. ಬೆಂಗಳೂರಿನಲ್ಲಿ ಆ ಫೋನಿಗೆ ಬೇರೆ ಸಿಮ್ ಹಾಕಬೇಕಲ್ಲ, ಇದನ್ನು ಅಲ್ಲಿದ್ದಾಗಲೇ ಪರೀಕ್ಷಿಸಿ ನೋಡಿ.

ಹೆಂಡತಿಯ ಸಿಮ್ ಬಗ್ಗೆ ಕೇಳಿದ್ದೀರಿ. ಜೋಡಿ ಕಾರ್ಡ್, ಫ್ಯಾಮಿಲಿ ಕಾರ್ಡ್ ಅಂತ ಕೊಟ್ಟರೂ ಬಹಳ ಸಾರಿ ಅದು ಬೇರೆಯೇ ಕಾಂಟ್ರಾಕ್ಟ್ ಆಗಿರುತ್ತದೆ, ಅದಕ್ಕೆ ಬೇರೆಯೇ ಮುಗಿಯುವ ದಿನಾಂಕ ಇರುತ್ತದೆ. ಪತ್ರದಲ್ಲಿ ಎರಡೂ ನಂಬರ್ ಬರೆಯಿರಿ. ಒಂದನ್ನೇ ಬರೆದರೆ ಇನ್ನೊಂದು ಓಡುತ್ತಿರುತ್ತದೆ. ಅಬ್‌ಮೆಲ್ಡುಂಗ್‌ನಲ್ಲೂ ಹೆಂಡತಿ, ಮಕ್ಕಳ ಹೆಸರು ಇದೆಯೇ ನೋಡಿಕೊಳ್ಳಿ.

ಕಂಪನಿ ಒಪ್ಪದಿದ್ದರೆ?

ಮೊದಲು, ಯಾವ ಕಾರಣಕ್ಕೆ ಒಪ್ಪುವುದಿಲ್ಲ ಅಂತ ಬರಹದಲ್ಲಿ ಕೇಳಿ. ಆಮೇಲೆ ಎರಡು ಕಡೆ ಹೋಗಬಹುದು. ಒಂದು, ಗ್ರಾಹಕ ಸಲಹಾ ಕೇಂದ್ರ. ಅಲ್ಲಿ ಫೆರ್‌ಬ್ರಾಉಖರ್‌ತ್ಸೆಂಟ್ರಾಲೆ ಅಂತಾರೆ. ಜರ್ಮನಿಯ 16 ರಾಜ್ಯಗಳಲ್ಲೂ ಇದೆ, ನಿಮ್ಮ ಬಾಡೆನ್-ವ್ಯುರ್ಟೆಂಬರ್ಗ್‌ನದು ಸ್ಟುಟ್‌ಗಾರ್ಟ್‌ನಲ್ಲೇ ಇದೆ. ಅಲ್ಲಿ ನಿಮ್ಮ ಕಾಗದ ನೋಡಿ ಸಲಹೆ ಕೊಡುತ್ತಾರೆ, ಶುಲ್ಕ ಇದ್ದರೂ ವಕೀಲರಷ್ಟು ಆಗುವುದಿಲ್ಲ. ಇನ್ನೊಂದು, ಟೆಲಿಕಾಂ ನಿಯಂತ್ರಣ ಸಂಸ್ಥೆ ಬುಂಡೆಸ್‌ನೆಟ್ಸ್‌ಆಗೆಂಟುರ್. ಬಾನ್ ನಗರದಲ್ಲಿದೆ. ಅದರಲ್ಲಿ ಗ್ರಾಹಕರು ಮತ್ತು ಕಂಪನಿಗಳ ನಡುವೆ ರಾಜಿ ಮಾಡಿಸುವ ವಿಭಾಗ ಇದೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಬೆಂಗಳೂರಿನಿಂದಲೂ ಹಾಕಬಹುದು. ಆದರೆ ಮೊದಲು ನೀವೇ ಕಂಪನಿಯ ಜೊತೆ ಬಗೆಹರಿಸಲು ಪ್ರಯತ್ನಿಸಿದ್ದೀರಿ ಅಂತ ತೋರಿಸಬೇಕು. ಆ ಇಮೇಲ್‌ಗಳನ್ನೆಲ್ಲ ಇಟ್ಟುಕೊಳ್ಳಿ ಅಂದದ್ದು ಅದಕ್ಕೇ.

ಇದರ ಜೊತೆಗೇ, ಬೇರೆ ಬಾಗಿಲು ತೆರೆದಿದೆಯೇ ಅಂತಲೂ ಹುಡುಕಿ. ಕಳೆದ ಮೂರು ತಿಂಗಳಲ್ಲಿ ಕಂಪನಿಯಿಂದ 'ದರ ಬದಲಾಗುತ್ತಿದೆ' ಅಥವಾ 'ನಿಯಮ ಬದಲಾಗುತ್ತಿದೆ' ಅನ್ನುವ ಇಮೇಲ್ ಬಂದಿದೆಯೇ? ನಾವು ಇಂಥದ್ದನ್ನು ಓದದೆ ಬಿಡುತ್ತೇವೆ. ಕಂಪನಿ ತಾನಾಗಿ ಕಾಂಟ್ರಾಕ್ಟ್ ಬದಲಿಸಿದರೆ, ಆ ಸೂಚನೆ ತಲುಪಿದ ಮೂರು ತಿಂಗಳೊಳಗೆ ನೀವು ಖರ್ಚಿಲ್ಲದೆ ಹೊರಬರಬಹುದು. ಟಿಕೆಜಿ 57ನೇ ಕಲಂ. ಬದಲಾವಣೆ ಗ್ರಾಹಕರಿಗೆ ಲಾಭವೇ ಆಗುವಂಥದ್ದಾದರೆ, ಬರೀ ಆಡಳಿತದ ವಿಷಯವಾದರೆ, ಅಥವಾ ಕಾನೂನು ಬದಲಾಗಿದ್ದಕ್ಕೇ ಮಾಡಿದ್ದಾದರೆ ಈ ಹಕ್ಕಿಲ್ಲ. ಅಂಥ ಇಮೇಲ್ ಸಿಕ್ಕಿದರೆ 60ನೇ ಕಲಂಗಿಂತ ಇದು ಗಟ್ಟಿ, ಯಾಕೆಂದರೆ ಇಲ್ಲಿ ನೀವು ಎಲ್ಲಿಗೆ ಹೋಗುತ್ತೀರಿ ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಕಾಂಟ್ರಾಕ್ಟ್ ಅನ್ನು ಬೇರೆಯವರ ಹೆಸರಿಗೆ ಬದಲಿಸುವುದು ಇನ್ನೊಂದು ದಾರಿ. ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬರುವ ನಮ್ಮವರು ಇದ್ದೇ ಇರುತ್ತಾರೆ. ಅವರಿಗೂ ಸಿಮ್ ಬೇಕು. ಕಂಪನಿ ಒಪ್ಪಿದರೆ, ಹೊಸಬರ ಹಣಕಾಸಿನ ಹಿನ್ನೆಲೆ ನೋಡಿ ಹೆಸರು ಬದಲಿಸಿಕೊಡುತ್ತದೆ. ಸಣ್ಣ ಶುಲ್ಕ ಇರಬಹುದು. ಒಂದು ಎಚ್ಚರಿಕೆ ಮಾತ್ರ. ಹೆಸರು ಬದಲಿಸದೆ 'ಸಿಮ್ ನೀನೇ ಬಳಸು, ತಿಂಗಳಿಗೆ ನನಗೆ ದುಡ್ಡು ಕಳಿಸು' ಅಂತ ಬಾಯಿಮಾತಿನಲ್ಲಿ ಕೊಟ್ಟು ಬರಬೇಡಿ. ಅವರು ಕಟ್ಟದಿದ್ದರೂ ಜವಾಬ್ದಾರಿ ನಿಮ್ಮದೇ. ಗೆಳೆತನವೂ ಕೆಡುತ್ತದೆ.

ಏನೂ ಆಗದಿದ್ದರೆ ರಾಜಿಯ ದುಡ್ಡಿನ ಮಾತಾಡಿ. ಜರ್ಮನಿಯಲ್ಲಿ ಕುಲಾಂತ್ಸ್ ಅನ್ನುತ್ತಾರೆ, ಹಕ್ಕು ಇಲ್ಲದಿದ್ದರೂ ಸೌಜನ್ಯಕ್ಕೆ ಬಿಟ್ಟುಕೊಡುವುದು. 'ನನ್ನ ಪ್ರಕಾರ 60ನೇ ಕಲಂ ಅನ್ವಯಿಸುತ್ತದೆ. ಆದರೂ ವಿವಾದ ಮುಗಿಸಲು ಇಷ್ಟು ಹಣ ಒಂದೇ ಸಾರಿ ಕಟ್ಟುತ್ತೇನೆ, ಇಂಥ ದಿನಾಂಕಕ್ಕೆ ಮುಗಿಸಿ' ಅಂತ ಬರೆಯಿರಿ. ವಿನಯ ತೋರಿಸಬೇಕಾದ ಜಾಗ ಇದು, ಮೊದಲ ಪತ್ರವಲ್ಲ. ಕಡಿಮೆ ದರದ ಪ್ಲಾನಿಗೆ ಇಳಿಸುತ್ತೇವೆ ಅಂತ ಅವರೇ ಹೇಳಬಹುದು. ಅದು ನೋಡಲು ಚೆನ್ನಾಗಿರುತ್ತದೆ. ಆದರೆ ಪ್ಲಾನ್ ಬದಲಿಸಿದರೆ 24 ತಿಂಗಳು ಮತ್ತೆ ಮೊದಲಿನಿಂದ ಶುರುವಾಗುತ್ತದೆಯೇ ಅಂತ ಬರಹದಲ್ಲಿ ಕೇಳದೆ ಒಪ್ಪಬೇಡಿ. ಫೋನಿನಲ್ಲಿ 'ಹೌದು, ಸರಿ' ಅಂದರೂ ಅದನ್ನೇ ಒಪ್ಪಿಗೆ ಅಂತ ಹಿಡಿದುಕೊಂಡು ಬರುವವರಿದ್ದಾರೆ. ಹಾಗೇನಾದರೂ ಆದರೆ ಗಾಬರಿ ಬೇಡ. ಫೋನಿನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಆದ ಕಾಂಟ್ರಾಕ್ಟನ್ನು 14 ದಿನದೊಳಗೆ ಕಾರಣ ಹೇಳದೆ ಹಿಂತೆಗೆದುಕೊಳ್ಳಬಹುದು. ಅಂಗಡಿಯಲ್ಲಿ ಸಹಿ ಹಾಕಿದ್ದಕ್ಕೆ ಈ ಹಕ್ಕಿಲ್ಲ.

ಈಗ ಗೆಳೆಯರ ಸಲಹೆಗೆ ಬರೋಣ. ಖಾತೆ ಮುಚ್ಚಿ ಹೊರಟುಬಿಟ್ಟರೆ ಏನಾಗುತ್ತದೆ?

ವಿಮಾನ ನಿಲ್ದಾಣದಲ್ಲಿ ಯಾರೂ ಹಿಡಿಯುವುದಿಲ್ಲ, ಬಿಲ್ ಬಾಕಿ ಸಿವಿಲ್ ವಿಷಯ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮೊದಲು ಜ್ಞಾಪನಾ ಪತ್ರ, ಆಮೇಲೆ ಇಂಕಾಸ್ಸೊ, ಅಂದರೆ ಸಾಲ ವಸೂಲಿ ಕಂಪನಿಯ ಪತ್ರ. 495 ಇದ್ದದ್ದಕ್ಕೆ ಶುಲ್ಕ, ಬಡ್ಡಿ ಸೇರುತ್ತದೆ. ನಂತರ ಕೋರ್ಟಿನಿಂದ ಮಾನ್‌ಬೆಶೈಡ್ ಅನ್ನುವ ಹಣ ಪಾವತಿ ಆದೇಶ, ಹಳದಿ ಲಕೋಟೆಯಲ್ಲಿ. ಅದಕ್ಕೆ ಆಕ್ಷೇಪ ಹೇಳಲು ಇರುವುದು ಎರಡು ವಾರ. ನೀವು ಬೆಂಗಳೂರಿನಲ್ಲಿ, ಪತ್ರ ಸ್ಟುಟ್‌ಗಾರ್ಟ್‌ನ ಹಳೆಯ ವಿಳಾಸದಲ್ಲಿ. ಉತ್ತರ ಹೋಗದಿದ್ದರೆ ಮುಂದಿನ ಹಂತದಲ್ಲಿ ಅದು ಜಾರಿ ಮಾಡಬಹುದಾದ ಕೋರ್ಟ್ ಆದೇಶವಾಗುತ್ತದೆ. ಹಾಗಾದ ಸಾಲಕ್ಕೆ ಜರ್ಮನಿಯಲ್ಲಿ 30 ವರ್ಷದ ಆಯಸ್ಸು. ಮಾಮೂಲಿ ಬಿಲ್ಲಿನ ಬಾಕಿ ಆ ವರ್ಷ ಕಳೆದು ಮೂರು ವರ್ಷಕ್ಕೆ ಕಾಲ ಮೀರಿ ಹೋಗುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ.

ಶೂಫಾ ಬೇರೆ ಇದೆ. ಜನರ ಸಾಲದ ನಡವಳಿಕೆ ದಾಖಲಿಸುವ ಸಂಸ್ಥೆ ಅದು. ಮನೆ ಬಾಡಿಗೆಗೆ ಹುಡುಕುವಾಗ ಅದರ ಪತ್ರ ಕೊಟ್ಟಿದ್ದು ನಿಮಗೆ ನೆನಪಿರಬಹುದು. ನಿಮ್ಮ ಕೆಲಸದ ಕ್ಷೇತ್ರದಲ್ಲಿ ಇನ್ನೆರಡು ವರ್ಷಕ್ಕೆ ಮತ್ತೆ ಜರ್ಮನಿಗೆ ಕಳಿಸುವುದು ಅಪರೂಪವೇನಲ್ಲ. ಆಗ ಮನೆಯೂ ಬೇಕು, ಸಿಮ್ಮೂ ಬೇಕು. ಹಳೆಯ ಬಾಕಿ ಕೆಟ್ಟ ಸಮಯದಲ್ಲಿ ಎದುರಾಗುತ್ತದೆ.

ಇದಕ್ಕೂ ಬರವಣಿಗೆಗೂ ಒಂದು ಸಂಬಂಧ ಇದೆ, ಬಹಳ ಜನರಿಗೆ ಗೊತ್ತಿರುವುದಿಲ್ಲ. ಕೋರ್ಟ್ ತೀರ್ಪು ಇಲ್ಲದ ಬಾಕಿಯನ್ನು ಶೂಫಾಗೆ ವರದಿ ಮಾಡಬೇಕಾದರೆ ಕನಿಷ್ಠ ಎರಡು ಸಾರಿ ಲಿಖಿತ ಜ್ಞಾಪನೆ ಕಳಿಸಿರಬೇಕು, ಮೊದಲನೆಯದು ಕಳಿಸಿ ನಾಲ್ಕು ವಾರ ಆಗಿರಬೇಕು, ವರದಿಯಾಗಬಹುದು ಅಂತ ಮೊದಲೇ ತಿಳಿಸಿರಬೇಕು, ಮತ್ತು ಗ್ರಾಹಕರು ಆ ಬಾಕಿಯನ್ನು ಒಪ್ಪದೆ ಆಕ್ಷೇಪಿಸಿರಬಾರದು. ಅಂದರೆ 'ಈ ಹಣ ನಾನು ಕೊಡಬೇಕಿಲ್ಲ, 60ನೇ ಕಲಂ ಪ್ರಕಾರ ಕಾಂಟ್ರಾಕ್ಟ್ ಮುಗಿದಿದೆ' ಅಂತ ನೀವು ಬರೆದು ಕಳಿಸಿದ್ದರೆ ಅವರು ಸುಲಭವಾಗಿ ವರದಿ ಮಾಡುವಂತಿಲ್ಲ. ಏನೂ ಹೇಳದೆ ಹೋದವರಿಗೆ ಈ ರಕ್ಷಣೆ ಸಿಗುವುದಿಲ್ಲ. ಅದೇ ಹಣ, ಅದೇ ವಾದ. ಬರೆದು ಹೋದವರು ಒಂದು ಕಡೆ, ಬರೆಯದೆ ಹೋದವರು ಇನ್ನೊಂದು ಕಡೆ.

ನಂಬರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ಜರ್ಮನ್ ನಂಬರಿಗೆ ಬ್ಯಾಂಕಿನ ಒಟಿಪಿ ಬರುತ್ತಿರಬಹುದು. ಮನೆಯ ಠೇವಣಿ ವಾಪಸ್ ಬರಲು ತಿಂಗಳುಗಳಾಗುತ್ತವೆ, ತೆರಿಗೆ ರಿಫಂಡ್ ಮುಂದಿನ ವರ್ಷ. ಅಷ್ಟು ದಿನ ಬ್ಯಾಂಕ್ ಖಾತೆಯೂ ಬೇಕು, ಬಹುಶಃ ನಂಬರೂ ಬೇಕು. ಹಾಗಿದ್ದರೆ ನಂಬರನ್ನು ಒಂದು ಪ್ರಿಪೇಯ್ಡ್ ಸಿಮ್ಮಿಗೆ ಪೋರ್ಟ್ ಮಾಡಿಸಿ. 2021ರ ಡಿಸೆಂಬರ್‌ನಿಂದ ಇದಕ್ಕೆ ಗ್ರಾಹಕರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಕಾಂಟ್ರಾಕ್ಟ್ ಮುಗಿದ ಮೇಲೂ ಒಂದು ತಿಂಗಳವರೆಗೆ ಪೋರ್ಟ್ ಮಾಡುವ ಹಕ್ಕು ಇದೆ. ಆದರೆ ಪ್ರಿಪೇಯ್ಡ್ ಸಿಮ್ ಚಾಲೂ ಆಗಲು ಗುರುತಿನ ದಾಖಲೆ ತೋರಿಸಬೇಕು, 2017ರ ಜುಲೈನಿಂದ ಹಾಗಿದೆ. ಬೆಂಗಳೂರಿನಿಂದ ಇದನ್ನು ಮಾಡಿಸುವುದು ಕಷ್ಟ. ಹೊರಡುವ ಎರಡು ವಾರ ಮುಂಚೆಯೇ ಮುಗಿಸಿ, ಭಾರತದಲ್ಲಿ ಆ ಸಿಮ್ಮಿಗೆ ಎಸ್‌ಎಂಎಸ್ ಬರುತ್ತದೆಯೇ ಅಂತ ಪ್ಲಾನಿನಲ್ಲಿ ನೋಡಿಕೊಳ್ಳಿ. ಎಷ್ಟು ತಿಂಗಳಿಗೊಮ್ಮೆ ರೀಚಾರ್ಜ್ ಮಾಡದಿದ್ದರೆ ಸಿಮ್ ಮುಚ್ಚುತ್ತಾರೆ ಅನ್ನುವುದನ್ನೂ ನೋಡಿ. ನಂಬರ್ ಪೋರ್ಟ್ ಆದರೆ ಕಾಂಟ್ರಾಕ್ಟ್ ಮುಗಿಯಿತು ಅಂತ ಮಾತ್ರ ತಿಳಿಯಬೇಡಿ. ಅವೆರಡೂ ಬೇರೆ ಬೇರೆ.

ಖಾತೆಯನ್ನು ಕೊನೆಯ ಬಿಲ್ ಬರುವವರೆಗೆ ತೆರೆದಿಡಿ, ಅದರಲ್ಲಿ ಸ್ವಲ್ಪ ಹಣವೂ ಇರಲಿ. ಮುಗಿದ ದಿನಾಂಕ ಖಚಿತವಾದ ಮೇಲೂ ಕಂಪನಿ ಖಾತೆಯಿಂದ ಹಣ ಎಳೆದರೆ, ಎಂಟು ವಾರದೊಳಗೆ ಬ್ಯಾಂಕ್ ಆ್ಯಪ್‌ನಲ್ಲೇ ಅದನ್ನು ವಾಪಸ್ ಮಾಡಿಸಬಹುದು. ನೇರ ಡೆಬಿಟ್‌ಗೆ ಯೂರೋಪಿನಲ್ಲಿ ಈ ಸೌಲಭ್ಯ ಇದೆ. ನ್ಯಾಯವಾಗಿ ಕೊಡಬೇಕಾದ ಬಿಲ್ಲಿಗೆ ಇದನ್ನು ಬಳಸಬೇಡಿ, ಅದರ ಖರ್ಚನ್ನು ನಿಮ್ಮ ಮೇಲೇ ಹಾಕುತ್ತಾರೆ.

ಈ ವಾರ ಮಾಡಬೇಕಾದ್ದು: ಕಾಂಟ್ರಾಕ್ಟ್ ಕಾಗದ ಹುಡುಕಿ ಫೋನಿನ ಕಂತು ಬೇರೆಯೇ, ಸೇರಿದೆಯೇ ನೋಡಿ. ಕಳೆದ ಮೂರು ತಿಂಗಳ ಇಮೇಲ್‌ಗಳಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿ. ಎರಡೂ ನಂಬರ್ ಬರೆದ ಪತ್ರವನ್ನು ಬಟನ್ ಮೂಲಕವೂ ಇಮೇಲ್ ಮೂಲಕವೂ ಕಳಿಸಿ. ಬ್ಯುರ್ಗರ್‌ಬ್ಯುರೋದಲ್ಲಿ ಹೊರಡುವ ವಾರಕ್ಕೆ ಈಗಲೇ ಸಮಯ ಕಾಯ್ದಿರಿಸಿ, ಅಲ್ಲಿ ಕೊನೆ ಗಳಿಗೆಯಲ್ಲಿ ಸಿಗುವುದು ಕಷ್ಟ. ಹತ್ತು ದಿನದೊಳಗೆ ಕಂಪನಿಯಿಂದ ಉತ್ತರ ಬರದಿದ್ದರೆ ಮೊದಲ ಪತ್ರದ ಪ್ರತಿ ಜೋಡಿಸಿ ಇನ್ನೊಂದು ಕಳಿಸಿ. ಅವರು ಕೊಡುವ ಉತ್ತರದಲ್ಲಿ ಯಾವ ಕಾರಣ ಬರೆದಿದ್ದಾರೆ ಅನ್ನುವುದರ ಮೇಲೆ ಮುಂದಿನ ಹೆಜ್ಜೆ ನಿಂತಿದೆ. ಆ ಉತ್ತರವನ್ನು ನನಗೆ ಕಳಿಸಿ, ನೋಡಿ ಹೇಳುತ್ತೇನೆ.